ರಾಚವ್ವನ ಎಡಗಿವಿಯ ಪರವಾಗಿ

ದುಂದುಭಿ ಸಂವತ್ಸರ, ಭಾದ್ರಪದ ಬಹುಳ ಅಮಾವಾಸ್ಯೆ
ನಿಮ್ಮ ಲೆಕ್ಕದಲ್ಲಿ ಇಸವಿ ೨೧೬೨
ಹುಬ್ಬಳ್ಳಿ

ಹಿರಿಯರೇ,

ಮೇಲಿನ ತಾರೀಖು ಕಂಡು ನೀವು ಕಣ್ಣುಜ್ಜಿಕೊಳ್ಳುವಿರೆಂದು ಬಲ್ಲೆ. ನಿಮ್ಮ ಕಿವಿಗೆ ಎಂದೂ ಬೀಳದ ಕೆಲವು ಮಾತುಗಳು ಈ ಓಲೆಯಲ್ಲಿ ಬರುತ್ತವೆ. ಅವು ನಿಮ್ಮ ನಂತರ ಹುಟ್ಟಿದ ಮಾತುಗಳು. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಆ ತೊಡಕಿಗೆ ಕ್ಷಮೆ ಇರಲಿ. ಅದೊಂದಕ್ಕೆ ಮಾತ್ರ ಕ್ಷಮೆ ಕೇಳುತ್ತಿದ್ದೇನೆ, ಇದರಲ್ಲಿರುವ ಸಿಟ್ಟಿಗಲ್ಲ.

ನಮ್ಮಲ್ಲಿ ಹಿರಿಯರ ಹಬ್ಬದ ದಿನ ಎಡೆಯ ಪಕ್ಕದಲ್ಲಿ ಒಂದು ಓಲೆಯನ್ನೂ ಇಡುವ ರೂಢಿ ಬೆಳೆದುಬಂದಿದೆ. ಹಿಂದಿನವರಿಗೆ ಬರೆಯುವುದರಿಂದ ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಹೋಳಿಗೆ, ಹುಗ್ಗಿ, ಬದನೆಕಾಯಿ ಪಲ್ಯದ ನಡುವೆ ಅದನ್ನು ಇಟ್ಟು, ಮನೆಮಂದಿಯೆಲ್ಲ ಕೂತು ಗಟ್ಟಿಯಾಗಿ ಓದುತ್ತೇವೆ. ಸಾಮಾನ್ಯವಾಗಿ ಹಿಂದೋಲೆಯಲ್ಲಿ ಇರುವುದು ವಂದನೆ. ಪಕ್ಕದ ಮನೆಯವರು ಈ ಸಲ ಉಣಕಲ್ ಕೆರೆಯನ್ನು ಮುಚ್ಚದೆ ಉಳಿಸಿದವರಿಗೆ ಬರೆದಿದ್ದಾರೆ. ಎದುರುಮನೆಯ ಮುದುಕರು ಬೇವಿನ ಸಾಲು ನೆಟ್ಟವರಿಗೆ ವರ್ಷವರ್ಷವೂ ಅದೇ ನಾಲ್ಕು ಸಾಲು ಬರೆಯುತ್ತಾರೆ. ನಾನೂ ಹಿಂದೆ ವಂದನೆ ಬರೆದವಳೇ. ಈ ವರ್ಷ ನನ್ನಲ್ಲಿ ವಂದನೆ ಹುಟ್ಟಲಿಲ್ಲ. ಎಡೆಯ ಮುಂದೆ ಕೂತು ಬೈಯಬಾರದೆಂದು ಅತ್ತೆ ಹೇಳಿದರು. ಬೈಯಬೇಕಾದವರು ಬೇರೆಲ್ಲೂ ಸಿಗುವುದಿಲ್ಲವಲ್ಲ ಎಂದು ನಾನು ಅಂದೆ. 

ನನ್ನ ಹೆಸರು ಇಂದುಮತಿ ಹಂಚಿನಾಳ. ನೂಲಿಗೆ ಬಣ್ಣ ಕಟ್ಟುವ ಕೆಲಸ ನನ್ನದು. ಶಾಲೆಯ ಮೊದಲ ದಿನದಿಂದ ನನಗೆ ಇಬ್ಬರು ಗೆಳತಿಯರು: ತಸ್ಲೀಮಾ ಸವಣೂರು ಮತ್ತು ರಾಚವ್ವ ಮುಳಗುಂದ. ತಸ್ಲೀಮಾ ಚೆಲುವೆ, ಮುಂಗೋಪಿ, ಅತ್ತರೆ ಅರ್ಧ ಓಣಿಯನ್ನು ಅಳಿಸುವವಳು. ರಾಚವ್ವನನ್ನು ಬಣ್ಣಿಸುವುದು ಕಷ್ಟ, ಏಕೆಂದರೆ ಅವಳು ಒಬ್ಬಳಾಗಿ ಇರುತ್ತಿದ್ದುದೇ ಕಡಿಮೆ. ಅವಳ ಬಾಯಲ್ಲಿ ಇಡೀ ಹುಬ್ಬಳ್ಳಿ ಇರುತ್ತಿತ್ತು. ಟ್ರಾಮಿನಲ್ಲಿ ನಿಲ್ದಾಣದ ಹೆಸರು ಕೂಗುವ ಹೆಂಗಸಿನ ಮೂಗಿನ ರಾಗ, ಕೋಳಿಗಳನ್ನು ಗೂಡಿಗೆ ಕರೆಯುವ ತಸ್ಲೀಮಾಳ ನಾನಿಯ ಗದರಿಕೆ, ಕಟ್ಟಿಸಿದ ಹಲ್ಲು ಸಡಿಲಾದ ಗಣಿತದ ಮಾಸ್ತರರ ಸಿಳ್ಳುಸಿಳ್ಳಾದ ಭಾಗಾಕಾರ, ಸೀನುವ ಮೊದಲು ನಾನು ಎಳೆಯುವ ಉಸಿರು, ಎಲ್ಲವೂ. ಅವಳು ಅಣಕಿಸುತ್ತಿರಲಿಲ್ಲ, ಆ ಮನುಷ್ಯರೇ ಆಗಿಬಿಡುತ್ತಿದ್ದಳು. ನಾನಿ ತೀರಿಹೋದ ವರ್ಷ ತಸ್ಲೀಮಾ ಒಂದು ಮುಂಜಾನೆ ಬೀಜದಂಗಡಿಗೆ ಹೋಗಿ, ಅಲ್ಲಿ ಕೆಲಸ ಮಾಡುತ್ತಿದ್ದ ರಾಚವ್ವನ ಮುಂದೆ ಕೂತು, ಒಮ್ಮೆ ನಾನಿಯಂಗ ಕೋಳಿ ಕರಿ ಎಂದು ಬೇಡಿಕೊಂಡಿದ್ದಳು. ರಾಚವ್ವ ಕರೆದಳು. ಗಿರಾಕಿಗಳು ನಕ್ಕರು. ತಸ್ಲೀಮಾ ಕಣ್ಣೊರೆಸಿಕೊಂಡು ಮನೆಗೆ ಹೋದಳು.

ನಮ್ಮ ದಿನಚರಿ ನಿಮ್ಮದರಂತಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಹೊತ್ತು ಏರಿದ ಮೇಲೆ ಇಲ್ಲಿ ಯಾರೂ ಹೊರಗೆ ನಿಲ್ಲಲಾರರು. ಊರೆಲ್ಲ ಬಾಗಿಲು ಹಾಕಿ ಒಳಗಿರುತ್ತದೆ. ಆ ಹೊತ್ತಿಗೆ ಬಿಸಿಲ್ಗದ ಎಂದು ಹೆಸರು. ಆದ್ದರಿಂದ ನಮ್ಮ ಸಂತೆ, ಮದುವೆ, ಹಾಡು, ಕುಣಿತ ಎಲ್ಲವೂ ಬೆಳಗಿನದು. ಸೂರ್ಯ ಕಣ್ಣುಬಿಡುವಷ್ಟರಲ್ಲಿ ಮಿರ್ಚಿ ಭಜಿಯ ಎಣ್ಣೆ ಕಾದಿರುತ್ತದೆ, ಗಿರ್‌ಮಿಟ್ ಕಲಸುವವರು ಈರುಳ್ಳಿ ಹೆಚ್ಚಿ ಮುಗಿಸಿರುತ್ತಾರೆ, ಕುಣಿತದ ಮನೆಗಳಲ್ಲಿ ಮೊದಲ ಹಾಡು ಶುರುವಾಗಿರುತ್ತದೆ. ನಾವೂ ನಿಮ್ಮಂತೆಯೇ ಕುಣಿಯುವವರು; ಸಪ್ಪೆ ಜನ ಎಂದುಕೊಳ್ಳಬೇಡಿ. ಆದರೆ ನಮ್ಮ ಕುಣಿತದ ಮನೆಗಳಲ್ಲಿ ಮೊಳದ ಮಾತು ಎಂಬ ಕಟ್ಟಳೆ ಇದೆ. ಒಂದು ಮೊಳ ದೂರದಲ್ಲಿ ನಿಂತ ಇಬ್ಬರು ಗಂಟಲು ಹರಿದುಕೊಳ್ಳದೆ ಮಾತಾಡಿ ತಿಳಿಯುವಂತಿರಬೇಕು. ತಿಳಿಯದಿದ್ದರೆ ಹಾಡಿನ ಸದ್ದು ಇಳಿಸಬೇಕು, ಇಲ್ಲವೇ ಕಿವಿಗಾಪು ಹಾಕಿಕೊಳ್ಳಬೇಕು.

ಕಿವಿಗಾಪು ಎಂದರೆ ಕಿವಿಯ ದ್ವಾರದಲ್ಲಿ ಕೂರುವ ಎರಡು ಮೆತ್ತನೆಯ ಮಣಿ. ಅದು ಹಾಡನ್ನು ಕೊಲ್ಲುವುದಿಲ್ಲ. ಹಾಡು ಹಾಡಾಗಿಯೇ ಉಳಿಯುತ್ತದೆ, ಹತ್ತು ಹೆಜ್ಜೆ ಆಚೆ ಸರಿದು ನಿಂತಂತೆ ಆಗುತ್ತದೆ, ಅಷ್ಟೇ. ಪಕ್ಕದವರ ಮಾತು ಮೊದಲಿಗಿಂತ ಬಿಡಿಬಿಡಿಯಾಗಿ ಕೇಳುವುದೂ ಉಂಟು. ಮಗುವಿಗೆ ಕಿವಿ ಚುಚ್ಚುವ ದಿನ ಸೋದರಮಾವ ಒಂದು ಜೊತೆ ಕಿವಿಗಾಪು ಕೊಡುತ್ತಾನೆ. ಬೆಳೆದಂತೆ ಅಳತೆ ಬದಲಾಗುತ್ತದೆ, ಕಿವಿಯೋಲೆಯ ಪಕ್ಕದಲ್ಲಿ ಸರಪಳಿಯಲ್ಲಿ ತೂಗುತ್ತಿರುತ್ತದೆ. ಇದಲ್ಲದೆ ಪ್ರತಿ ಕುಣಿತದ ಮನೆಗೂ ಒಂದು ಮಾತಿನ ಪಡಸಾಲೆ ಇರಬೇಕು. ದಪ್ಪ ಗೋಡೆಯ ಆಚೆ ತಂಪಾದ ಜಾಗ. ನಾಲ್ಕು ಹಾಡು ಕುಣಿದವರು ಅಲ್ಲಿ ಬಂದು ಚಹಾ ಕುಡಿಯುತ್ತ ಕಿವಿ ಆರಿಸಿಕೊಳ್ಳುತ್ತಾರೆ. ನಮ್ಮೂರಿನ ಅರ್ಧ ಸಂಬಂಧಗಳು ಕುದುರಿರುವುದು ಪಡಸಾಲೆಯಲ್ಲೇ. ಕುಣಿಯುವಾಗ ಕಣ್ಣು ಕೂಡಿದರೂ ಮಾತು ಕೂಡುವುದಕ್ಕೆ ಒಂದು ಜಾಗ ಬೇಡವೆ?

ಇದನ್ನೆಲ್ಲ ನಾವು ಜಾಣತನದಿಂದ ಕಟ್ಟಿಕೊಂಡೆವೆಂದು ತಿಳಿಯಬೇಡಿ. ನೋವಿನಿಂದ ಕಟ್ಟಿಕೊಂಡೆವು. ನಿಮ್ಮ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೆ ಇಲ್ಲಿ ಮಬ್ಬುಗಿವಿಯ ಕಾಲ ಎಂಬ ಹೆಸರು ನಿಂತುಹೋಗಿದೆ. ನನ್ನ ಮುತ್ತಜ್ಜಿ ಬೆಳೆದದ್ದು ಎಲ್ಲರೂ ಕೂಗಾಡುವ ಮನೆಯಲ್ಲಿ. ಜಗಳವೇನೂ ಇರಲಿಲ್ಲ, ಕೂಗದಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಅವಳ ಅಪ್ಪನಿಗೆ ಐವತ್ತು ತುಂಬುವ ಮೊದಲೇ ಹೆಂಡತಿಯ ಪಿಸುಮಾತು ಕೇಳುವುದು ನಿಂತಿತ್ತು. ಪಂಕ್ತಿಯಲ್ಲಿ ಕೂತವರು ಪಕ್ಕದವರ ಜೊತೆ ಮಾತಾಡದೆ ಎಲೆ ನೋಡಿಕೊಂಡು ಉಂಡು ಏಳುತ್ತಿದ್ದರಂತೆ. ಇದು ನಿಮ್ಮ ಮೆರವಣಿಗೆಗಳ, ಮದುವೆ ಹಾಲುಗಳ, ಕುಣಿತದ ಕ್ಲಬ್ಬುಗಳ ಫಲ. ನೀವು ಉಂಡಿರಿ, ಅವರು ಎಲೆ ಎತ್ತಿದರು.

ಈಗ ನಡೆದ ಸಂಗತಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ರೋಹಿತಾಶ್ವ ಕಟಗೇರಿ ಎಂಬವನು ಹಳೆಯ ಹತ್ತಿ ಗೋದಾಮೊಂದನ್ನು ಹಿಡಿದು ಅಲ್ಲಿ ಕುಣಿತದ ಮನೆ ತೆರೆದ. ಅದಕ್ಕೆ ಇಟ್ಟ ಹೆಸರು ಅಬ್ಬರ. ನಿಮ್ಮ ಕಾಲದ ಗೀಳು ಆಗ ನಮ್ಮ ಹುಡುಗರಿಗೆ ಹತ್ತಿತ್ತು. ಮೊಣಕಾಲಿನಲ್ಲಿ ಹರಿದ ಪ್ಯಾಂಟು, ನಿಮ್ಮ ಫೋನುಗಳ ಆಕಾರದ ಪದಕ, ನಿಮ್ಮ ಕೂದಲಿನ ಬಣ್ಣ. ಕಟಗೇರಿ ಜಾಣ. ನಿಮ್ಮ ಹಳೆಯ ನಕ್ಷೆ ಹುಡುಕಿ ತೆಗೆದು ಆಳೆತ್ತರದ ಸ್ಪೀಕರುಗಳನ್ನು ಮತ್ತೆ ಕಟ್ಟಿಸಿದ. ಗೋಡೆಯ ತುಂಬ ಪರದೆ ಹಾಕಿ, ನೀವು ಕುಣಿಯುತ್ತಿದ್ದ ವಿಡಿಯೋಗಳನ್ನು ಓಡಿಸಿದ. ಬಾಗಿಲ ಮೇಲೆ ಬರೆಸಿದ: ಹಿರಿಯರು ಕೇಳಿದಂತೆ ಕೇಳಿ. ಪಡಸಾಲೆ ಇಡಲಿಲ್ಲ, ಏಕೆಂದರೆ ನಿಮ್ಮಲ್ಲಿ ಇರಲಿಲ್ಲವಂತೆ. ಒಳಗೆ ಹೋಗುವವರು ಕಿವಿಗಾಪನ್ನು ಬಾಗಿಲಲ್ಲಿದ್ದ ಹಿತ್ತಾಳೆ ತಾಟಿನಲ್ಲಿ ಹಾಕಿ ಹೋಗಬೇಕು. ಮೊಳದ ಮಾತಿನ ಕಟ್ಟಳೆ ಕುಣಿತದ ಮನೆಗೆ, ಇದು ಚರಿತ್ರೆಯ ಪ್ರದರ್ಶನ ಎಂದು ಹೇಳಿ ತಪ್ಪಿಸಿಕೊಂಡ.

ತಸ್ಲೀಮಾಳ ನಿಕಾದ ಹಿಂದಿನ ದಿನ ಬೆಳಿಗ್ಗೆ ನಾವು ಅಲ್ಲಿಗೆ ಹೋದೆವು. ಮದುವೆಯಾಗಿ ಅವಳು ಬೆಳಗಾವಿಗೆ ಹೋಗುವವಳಿದ್ದಳು. ಹೋಗುವ ಮೊದಲು ಮೂವರೂ ಒಮ್ಮೆ ಕುಣಿಯಬೇಕು, ಅದೂ ಅಬ್ಬರದಲ್ಲೇ ಕುಣಿಯಬೇಕು ಎಂಬುದು ಅವಳ ಹಟ. ಬಾಗಿಲಲ್ಲಿ ಕಟಗೇರಿಯೇ ನಿಂತಿದ್ದ. ಪ್ರತಿ ಮಾತಿನ ಬಾಲವನ್ನು ಎಳೆಯುವುದು ಅವನ ಅಭ್ಯಾಸ.

"ಬರ್ರೀ... ಬರ್ರೀ... ಕಿವ್ಯಾಗಿಂದು ತಗದು ತಾಟಿನ್ಯಾಗ ಹಾಕ್ರೀ..."

ರಾಚವ್ವ ನಿಂತಳು. "ಯಾಕ್ರಿ? ಕಿವಿ ನಂದು, ಕಿವಿಗಾಪೂ ನಂದು. ನಿಮಗೇನ ತ್ರಾಸ ಅದರಿಂದ?"

"ನಿಮ್ಮ ಮುತ್ಯಾನ ಮುತ್ಯಾ ಇದನ್ನ ಹಾಕ್ಕೊಂಡು ಕುಣದಿದ್ನೇನವಾ? ನೋಡಲ್ಲೆ." ಅವನು ಪರದೆಯತ್ತ ಕೈ ಮಾಡಿದ. "ಎಷ್ಟ ಮಂದಿ! ಒಬ್ಬರ ಕಿವ್ಯಾಗರ ಏನರೆ ಐತೇನು? ಅವರ ಎದಿ ಗಟ್ಟಿ ಇತ್ತು. ನಿಮ್ಮವು ಬೆಣ್ಣಿ ಕಿವೀ..."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ತಸ್ಲೀಮಾ ರಾಚವ್ವನ ಕೈ ಹಿಡಿದಳು. "ಒಂದ ದಿನಕ್ಕ ಏನಾಗ್ತದ ರಾಚಿ? ನಾಳೆಯಿಂದ ನಾ ಎಲ್ಲೋ, ನೀ ಎಲ್ಲೋ."

ರಾಚವ್ವ ಕಿವಿಗಾಪು ಬಿಚ್ಚಿ ತಾಟಿಗೆ ಹಾಕಿದಳು. ಅದು ಹೆದರಿಕೆಯಿಂದಲ್ಲ, ಗೆಳತಿಯ ಮೇಲಿನ ಪ್ರೀತಿಯಿಂದ. ಇದನ್ನು ನೆನಪಿಡಿ. ನಿಮ್ಮಲ್ಲೂ ಎಷ್ಟೋ ಮಂದಿ ಕಿವಿ ಕಳೆದುಕೊಂಡದ್ದು ಹೀಗೆಯೇ ಇರಬೇಕು: ಗೆಳೆಯರ ಖುಷಿ ಕೆಡಬಾರದು, ತಾನೊಬ್ಬಳೇ ಬೇರೆಯಾಗಿ ಕಾಣಬಾರದು ಎಂದು.

ಒಳಗೆ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ, ನಿಮಗದು ನಿತ್ಯದ್ದು. ಎದೆಗೂಡು ಡಬ್ಬಿಯಂತೆ ನಡುಗಿತು. ಮದುಮಗಳಿಗೆಂದು ಮಾಡಿದ್ದ ಕಟ್ಟೆ ಸ್ಪೀಕರಿನ ಬುಡದಲ್ಲೇ ಇತ್ತು. ತಸ್ಲೀಮಾ ನಡುವೆ, ನಾನು ಆಚೆ ಬದಿ, ರಾಚವ್ವ ಸ್ಪೀಕರಿಗೆ ಎಡಗಿವಿ ಕೊಟ್ಟು ಈಚೆ ಬದಿ. ರಾಚವ್ವ ನಮ್ಮತ್ತ ಬಾಗಿ ಏನೋ ಹೇಳಿದಳು. ಅವಳ ತುಟಿ ಎಳೆದ ರೀತಿಯಿಂದ ಅದು ಕಟಗೇರಿಯ ಬರ್ರೀ ಎಂದು ಊಹಿಸಿದೆ, ಕೇಳಲಿಲ್ಲ. ತಸ್ಲೀಮಾ ಅವಳ ಕಿವಿಗೇ ಬಾಯಿಟ್ಟು ಏನಂದಿ ಎಂದು ಕಿರುಚಿದಳು. ರಾಚವ್ವ ತಿರುಗಿ ಕೇಳಸವಲ್ದು ಎಂದು ಕಿರುಚಿದಳು. ಬಾಲ್ಯದಿಂದ ಒಂದೇ ಬೆಂಚಿನಲ್ಲಿ ಕೂತು ಬಾಯಿ ಮುಚ್ಚದೆ ಬೆಳೆದ ಮೂವರ ಕೊನೆಯ ಬೆಳಗಿನ ಹರಟೆ ಇಷ್ಟೇ: ಏನಂದಿ, ಕೇಳಸವಲ್ದು. ನೀವು ಇದಕ್ಕೆ ಪಾರ್ಟಿ ಎನ್ನುತ್ತಿದ್ದಿರಿ. ಜನ ಸೇರುವುದಕ್ಕೆಂದು ಕಟ್ಟಿ, ಸೇರಿದ ಜನ ಒಬ್ಬರ ಮಾತು ಒಬ್ಬರು ಕೇಳದಂತೆ ಮಾಡುವ ಜಾಗ. ಇಂಥದ್ದನ್ನು ಯೋಚಿಸಿದವರ ತಲೆ ಯಾವ ಲೋಕದ್ದು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಿಸಿಲ್ಗದಕ್ಕೆ ಮೊದಲು ಹೊರಬಂದಾಗ ಪೇಟೆಯ ಸದ್ದೆಲ್ಲ ನೀರಿನೊಳಗಿಂದ ಬಂದಂತಿತ್ತು. ಮರುದಿನ ಏಳುವ ಹೊತ್ತಿಗೆ ನನ್ನ ಕಿವಿ ತಿಳಿಯಾಯಿತು, ತಸ್ಲೀಮಾಳದ್ದೂ ತಿಳಿಯಾಯಿತು. ಯಾರ ಕಿವಿ ಯಾವ ಹೊಡೆತಕ್ಕೆ ಸೋಲುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ನಿಕಾದ ಹೊತ್ತಿಗೆ ಖಾಜಿಯವರು ಕೇಳಬೇಕಾದ್ದು ಕೇಳಿದರು. ತಸ್ಲೀಮಾ ತಲೆ ತಗ್ಗಿಸಿ, ಹತ್ತಿರ ಕೂತವರಿಗಷ್ಟೇ ಕೇಳುವಂತೆ ಕಬೂಲ್ ಅಂದಳು. ಹೆಂಗಸರೆಲ್ಲ ಮುಖ ಅರಳಿಸಿದರು. ಅವಳ ಮಗ್ಗುಲಲ್ಲೇ ಕೂತಿದ್ದ ರಾಚವ್ವ ನನ್ನತ್ತ ತಿರುಗಿದಳು.

"ಅಂದ್ಲೇನು?"

ನಾನು ಹೌದೆಂದು ತಲೆಯಾಡಿಸಿದೆ.  ತಸ್ಲೀಮಾಳ ಆ ಮಾತನ್ನು ಮುಂದೆ ಜೀವಮಾನವಿಡೀ ಅವಳಿಗೆ ಅಂದು ತೋರಿಸಿ ಕಾಡಬೇಕೆಂದು ಕಾದಿದ್ದವಳು ರಾಚವ್ವ.

ಕಿವಿಯ ವೈದ್ಯೆ ಶಾರ್ವರಿ ಬಹಳ ಹೊತ್ತು ಪರೀಕ್ಷೆ ಮಾಡಿದರು. "ಒಳಗ ಸಿಳ್ಳಿ ಹೊಡದಂಗ ಆಗ್ತದೇನವಾ?" ಎಂದು ಕೇಳಿದರು.

"ಕುಕ್ಕರ್ ಕೂಗಿದಂಗ ಕೂಗೇ ಕೂಗ್ತದ್ರಿ ಡಾಕ್ಟರ್," ಎಂದಳು ರಾಚವ್ವ. "ಅನ್ನ ಮಾತ್ರ ಆಗವಲ್ದು."

ವೈದ್ಯೆ ನಗಲಿಲ್ಲ. ಕಿವಿಯೊಳಗೆ ಗರಿಕೆಯಂಥ ಎಳೆಗಳಿರುತ್ತವೆ, ಸದ್ದು ತುಳಿದಾಗ ಬಾಗುತ್ತವೆ, ಬಿಡುವು ಕೊಟ್ಟರೆ ಏಳುತ್ತವೆ, ಬೇರು ಕಿತ್ತರೆ ಏಳುವುದಿಲ್ಲ ಎಂದು ತಿಳಿಸಿದರು. ಎಡಗಿವಿ ಬಹುತೇಕ ಹೋಗಿತ್ತು. ಬಲಗಿವಿಯಲ್ಲಿ ತೆಳುವಾದ, ಮೊನಚಾದ ದನಿಗಳು ಹೋಗಿದ್ದವು. ನಮ್ಮ ಕಾಲ ಬರುವ ಮೊದಲೇ ಇದಕ್ಕೆ ಮದ್ದು ಬರುತ್ತದೆಂದು ನೀವು ನಂಬಿದ್ದಿರಂತೆ. ಬಂದಿಲ್ಲ. ಕಿವಿಗೆ ಕಟ್ಟುವ ಯಂತ್ರ ಕೊಟ್ಟರು. ಎದುರಿಗೆ ಒಬ್ಬರಿದ್ದರೆ ಅದು ಸಾಕಾಗುತ್ತದೆ. ನಾಲ್ವರು ಸೇರಿದರೆ ಎಲ್ಲರ ಮಾತನ್ನೂ ಒಂದೇ ಗೋಣಿಯಲ್ಲಿ ತುಂಬಿ ಸುರಿಯುತ್ತದೆ.

ಆಮೇಲೆ ಬಂದದ್ದು ಕಿವುಡಿಗಿಂತ ಕೆಟ್ಟದ್ದು. ನಮ್ಮ ಮನೆಯಲ್ಲಿ ಒಂದು ಊಟದ ಹೊತ್ತಿಗೆ ಅತ್ತೆ ಅವಳ ಬಳಿ ಬಂದು, "ಸಾರು ಹಾಕ್ಲಿ?" ಎಂದರು. ಯಾರು ಹೋಗ್ಲಿ ಎಂದು ಕೇಳಿಸಿಕೊಂಡ ರಾಚವ್ವ ಗಾಬರಿಯಿಂದ, "ಯಾರೂ ಹೋಗಬ್ಯಾಡ್ರಿ, ಕೂಡ್ರಿ," ಅಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮುಂದಿನ ವಾರ ಊಟಕ್ಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಎದುರು ನಿಲ್ಲುವುದನ್ನು ಬಿಟ್ಟು ಹಿಂದಿನ ಕೋಣೆಯಲ್ಲಿ ಬೀಜ ಆರಿಸತೊಡಗಿದಳು. ಇಡೀ ಊರನ್ನು ಬಾಯಲ್ಲಿ ಹೊತ್ತು ತಿರುಗುತ್ತಿದ್ದವಳು ಬಾಯಿ ತೆರೆಯದೆ ದಿನ ಕಳೆಯುವುದನ್ನು ನಾನು ನೋಡಿದೆ. ನೀವು ಅದನ್ನು ನೋಡಲಿಲ್ಲ. ನೋಡಬೇಕಿತ್ತು.

ಮೊದಲು ಕೆರಳಿದವಳು ತಸ್ಲೀಮಾ. ಬೆಳಗಾವಿಯಿಂದ ಬಂದವಳೇ, ಬುರ್ಖಾ ಕೂಡ ಬಿಚ್ಚದೆ, ಓಣಿಸಭೆಗೆ ಹೋಗಿ ದೂರು ಕೊಟ್ಟಳು. ಓಣಿಸಭೆ ಎಂದರೆ ಬೀದಿಯ ಎಲ್ಲ ವಯಸ್ಕರೂ ಕೂತು ತೀರ್ಮಾನಿಸುವ ಕೂಟ. ಶಾಲೆಯ ಅಂಗಳದಲ್ಲಿ ಬೆಳಿಗ್ಗೆ ಸೇರುತ್ತದೆ. ರಾಚವ್ವ ಬರಲೊಲ್ಲೆ ಅಂದಳು. ತಸ್ಲೀಮಾ ಅವಳ ಎದುರಿಗೆ ನಿಂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದಳು. "ನೀ ಮಾತಾಡಬ್ಯಾಡ. ಬಂದು ಕೂಡು ಸಾಕು. ಅವನ ಮುಖ ನೋಡು, ಅವಾ ನಿನ್ನ ಮುಖ ನೋಡ್ಲಿ."

ಸಭೆಯಲ್ಲಿ ಕಟಗೇರಿ ತಡವರಿಸಲಿಲ್ಲ. ಅವನ ಬಳಿ ಇದ್ದ ಸಾಕ್ಷಿ ನೀವೇ. ಶಾಲೆಯ ಗೋಡೆಯ ಮೇಲೆ ನಿಮ್ಮ ವಿಡಿಯೋ ಓಡಿಸಿದ. ನೋಡ್ರೀ, ಇವರು ನಿಮ್ಮ ಹಿರಿಯರೋ ಅಲ್ಲೋ, ಇವರು ಹುಚ್ಚರಾಗಿದ್ರೇನು ಎಂದು ಕೇಳಿದ. ನಾವೆಲ್ಲ ನೋಡಿದೆವು. ಹಬ್ಬದ ಮೆರವಣಿಗೆಯ ಲಾರಿಯ ಮೇಲೆ ಮನೆಯಷ್ಟು ಎತ್ತರದ ಸ್ಪೀಕರು. ಅದರ ಬಾಯೆದುರು ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಕುಣಿಯುವ ತಂದೆ. ಮಗು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡಿದೆ, ತಂದೆ ನಗುತ್ತ ಆ ಕೈಗಳನ್ನು ಬಿಡಿಸಿ ಚಪ್ಪಾಳೆ ತಟ್ಟಿಸುತ್ತಿದ್ದಾನೆ. ಮದುವೆ ಹಾಲಿನಲ್ಲಿ ಮೂಲೆಯ ಕುರ್ಚಿಯ ಅಜ್ಜಿಯೊಬ್ಬಳು ಸೆರಗನ್ನು ಕಿವಿಗೆ ಒತ್ತಿಕೊಂಡಿದ್ದಾಳೆ. ಕ್ಲಬ್ಬಿನಲ್ಲಿ ಒಬ್ಬರ ಕಿವಿಗೆ ಒಬ್ಬರು ಕಿರುಚುವವರು, ಕಿರುಚಿದ್ದು ತಿಳಿಯದೆ ತಲೆಯಾಡಿಸುವವರು, ಸುಮ್ಮನೆ ನಗುವವರು. ಸಭೆಯ ಹಿರಿಯರು ಕೆಲವರು ಅನುಮಾನಕ್ಕೆ ಬಿದ್ದರು. ಇಷ್ಟು ಮಂದಿ ತಪ್ಪಿರುತ್ತಾರೆಯೆ ಎಂದು ಪಿಸುಗುಟ್ಟಿದ್ದು ನನಗೆ ಕೇಳಿತು.

ರಾಚವ್ವ ಎದ್ದು ನಿಂತಳು. ಕೇಳುವುದು ಕಡಿಮೆಯಾದ ಮೇಲೆ ಅವಳು ನೋಡುವುದು ಹೆಚ್ಚಾಗಿತ್ತು. "ನಿಲ್ಲಸ್ರಿ," ಅಂದಳು. "ಹಿಂದಕ್ಕ ಹೋಗ್ರಿ. ಇನ್ನಷ್ಟು. ಆ ಎಡಗಡೆ ಕಂಬದ ಹತ್ರ ನೋಡ್ರಿ."

ಮದುವೆ ಹಾಲಿನ ಕಂಬದ ಬಳಿ, ಸ್ಪೀಕರಿನಿಂದ ದೂರದಲ್ಲಿ, ಹಸಿರು ಕುರ್ತಾ ತೊಟ್ಟ ಹೆಂಗಸೊಬ್ಬಳು ನಿಂತಿದ್ದಳು. ಅವಳ ಎರಡೂ ಕಿವಿಯಲ್ಲಿ ಕಿತ್ತಳೆ ಬಣ್ಣದ ಬಿರಡೆಗಳಿದ್ದವು. ಒಬ್ಬ ಗಂಡಸು ಬಂದು ಅವನ್ನು ತೋರಿಸಿ ಹೊಟ್ಟೆ ಹಿಡಿದು ನಕ್ಕ. ಒಂದನ್ನು ಕೀಳಲು ಕೈ ಚಾಚಿದ. ಅವಳು ಅವನ ಕೈಯನ್ನು ತಟ್ಟಿ ಸರಿಸಿದಳು, ಸಿಟ್ಟಾಗದೆ. ಜೇಬಿನಿಂದ ಇನ್ನೊಂದು ಜೊತೆ ತೆಗೆದು ಪಕ್ಕದ ಗೆಳತಿಗೆ ಕೊಟ್ಟಳು. ಇಬ್ಬರೂ ಗೋಡೆಯ ಕಡೆ ಸರಿದು, ಮುಖಕ್ಕೆ ಮುಖ ಕೊಟ್ಟು ಮಾತಿಗೆ ನಿಂತರು. ಆ ಇಡೀ ಹಾಲಿನಲ್ಲಿ ಮಾತಾಡುತ್ತಿದ್ದವರು ಅವರಿಬ್ಬರೇ. ಹಾಡು ಬದಲಾದಾಗ ಕೈ ಹಿಡಿದು ನಡುವಿಗೆ ಹೋಗಿ ಎಲ್ಲರ ಜೊತೆ ಕುಣಿದರು. ಮತ್ತೆ ಕಂಬದ ಬಳಿ ಬಂದರು.

 ಆಗ ರಾಚವ್ವ ಕಟಗೇರಿಯತ್ತ ತಿರುಗಿದಳು. ಎಷ್ಟೋ ತಿಂಗಳಿನಿಂದ ಮುಚ್ಚಿದ್ದ ಬಾಯಿ ತೆರೆಯಿತು. "ನೋಡಲ್ಲೆ... ಒಬ್ಬರ ಕಿವ್ಯಾಗರ ಏನರೆ ಐತೇನೂ... ನಿಮ್ಮವು ಬೆಣ್ಣಿ ಕಿವೀ..."

ಅದು ಅವನದೇ ದನಿ. ಅದೇ ಎಳೆತ, ಅದೇ ಗಂಟಲ ಕೊಬ್ಬು. ಅಂಗಳ ಬಿರಿಯುವಂತೆ ನಕ್ಕಿತು. ಕಟಗೇರಿ ಬಾಯಿ ತೆರೆದ. ಏನು ಮಾತಾಡಿದರೂ ಅದು ರಾಚವ್ವ ಮಾತಾಡಿದಂತೆ ಕೇಳುತ್ತದೆಂದು ಹೊಳೆದಿರಬೇಕು, ಮುಚ್ಚಿಕೊಂಡ. ತಸ್ಲೀಮಾ ನಗಲಿಲ್ಲ. ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

ಸಭೆ ಅಬ್ಬರವನ್ನು ಮುಚ್ಚಿಸಲಿಲ್ಲ. ಸ್ಪೀಕರುಗಳನ್ನು ಜನರಿಂದ ದೂರ ಎತ್ತರಕ್ಕೆ ಕಟ್ಟಬೇಕು, ಪಡಸಾಲೆ ಕಟ್ಟಬೇಕು, ಬಾಗಿಲಲ್ಲಿ ಯಾರ ಕಿವಿಗಾಪನ್ನೂ ಕಸಿಯಬಾರದು, ಇಲ್ಲದವರಿಗೆ ಅವನೇ ಕೊಡಬೇಕು ಎಂದಿತು. ಅವನು ಗೊಣಗುತ್ತ ಒಪ್ಪಿದ. ಈಗಲೂ ಅಲ್ಲಿ ಕುಣಿತ ನಡೆಯುತ್ತದೆ, ಜನ ಮೊದಲಿಗಿಂತ ಹೆಚ್ಚು ಹೊತ್ತು ಇರುತ್ತಾರೆ. ಅವನಿಗೆ ನಷ್ಟವೇನೂ ಆಗಲಿಲ್ಲ. ನಷ್ಟ ಆದದ್ದು ಯಾರಿಗೆಂದು ಹೇಳಿದ್ದೇನೆ.

ಹಿರಿಯರೇ, ನಿಮ್ಮ ಮೇಲಿನ ನನ್ನ ಸಿಟ್ಟು ಆ ಕಿತ್ತಳೆ ಬಿರಡೆಗಳನ್ನು ಕಂಡ ಮೇಲೆ ಇಮ್ಮಡಿಯಾಯಿತು. ಅಲ್ಲಿಯವರೆಗೆ ನಿಮಗೆ ಗೊತ್ತಿರಲಿಲ್ಲ ಎಂದು ತಿಳಿದು ಅರ್ಧ ಮನ್ನಿಸಿದ್ದೆ. ನಿಮಗೆ ಗೊತ್ತಿತ್ತು! ನಿಮ್ಮ ಔಷಧಿ ಅಂಗಡಿಗಳಲ್ಲಿ ಅವು ಪೆಪ್ಪರಮೆಂಟಿನ ಪಕ್ಕದಲ್ಲೇ ಸಿಗುತ್ತಿದ್ದವು. ಜೇಬಿನಲ್ಲಿ ಹಿಡಿಯುತ್ತಿದ್ದವು. ನಿಮ್ಮ ವೈದ್ಯರು ಹೇಳಿದ್ದರು, ನಿಮ್ಮ ಕಿವಿಗಳೇ ಮರುದಿನ ಸಿಳ್ಳೆ ಹೊಡೆದು ಹೇಳಿದ್ದವು, ಹೆಗಲ ಮೇಲಿನ ಮಗು ಕಿವಿ ಮುಚ್ಚಿಕೊಂಡು ಹೇಳಿತ್ತು. ನೀವು ನಕ್ಕಿರಿ. ಮುದುಕಿ ಎಂದಿರಿ, ಪುಕ್ಕಲು ಎಂದಿರಿ, ಮಜಾ ಗೊತ್ತಿಲ್ಲ ಎಂದಿರಿ. ಕಿವಿ ಉಳಿಸಿಕೊಳ್ಳುವುದಕ್ಕೂ ಕುಣಿಯುವುದಕ್ಕೂ ನಡುವೆ ಜಗಳ ಇರಲೇ ಇಲ್ಲ, ನೀವು ಹಚ್ಚಿದಿರಿ. ಕೊನೆಗೆ ನಿಮ್ಮ ನಗುವನ್ನೇ ಹಿಡಿದುಕೊಂಡು ಕಟಗೇರಿಯಂಥವನು ನನ್ನ ಗೆಳತಿಯ ಮುಂದೆ ತಾಟು ಚಾಚಿದ.

ಕುಣಿಯಬೇಡಿ ಎನ್ನುವುದಿಲ್ಲ. ಕುಣಿಯಿರಿ, ಹೋಗಿ. ಹೋಗುವಾಗ ಬಿರಡೆ ಒಯ್ಯಿರಿ, ಗೆಳೆಯರಿಗೂ ಒಂದು ಜೊತೆ ಇರಲಿ. ಸ್ಪೀಕರಿನ ಬುಡದಲ್ಲಿ ನಿಲ್ಲಬೇಡಿ. ಅಲ್ಲಿ ಹಾಡು ಹೆಚ್ಚು ಕೇಳುವುದಿಲ್ಲ, ಸದ್ದು ಮಾತ್ರ ಹೆಚ್ಚು. ಮೊಳದ ದೂರದ ಮಾತು ತಿಳಿಯದಾದಾಗ ಹೊರಗೆ ಬಂದು ಗಾಳಿಗೆ ನಿಂತು ಹರಟೆ ಹೊಡೆದು ಮತ್ತೆ ಹೋಗಿ. ಕಿವಿ ಮುಚ್ಚಿಕೊಂಡ ಮಗುವಿನ ಕೈಗಳನ್ನು ಬಿಡಿಸಬೇಡಿ. ಯಾರಾದರೂ ಒಬ್ಬಳು ಕಂಬದ ಬಳಿ ಬಿರಡೆ ಹಾಕಿಕೊಂಡು ನಿಂತಿದ್ದರೆ ಅವಳ ಬಳಿ ಹೋಗಿ ನಿಲ್ಲಿ. ಆ ಹೊತ್ತಿಗೆ ಅವಳ ಜೊತೆ ನಿಂತವರು ನಮ್ಮ ಜೊತೆಯೂ ನಿಂತಂತೆ.

ರಾಚವ್ವ ಈಗ ಮತ್ತೆ ಊಟಕ್ಕೆ ಬರುತ್ತಾಳೆ. ಅವಳ ಬಲಗಡೆ ಯಾರು ಕೂರಬೇಕೆಂದು ನಾವು ಜಗಳಾಡುತ್ತೇವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕದಿರಲು ಕಲಿತಿದ್ದೇವೆ, ಕಷ್ಟಪಟ್ಟು. ಟ್ರಾಮಿನ ಹೆಂಗಸು, ನಾನಿ, ಮಾಸ್ತರು ಎಲ್ಲರೂ ಅವಳ ಬಾಯಲ್ಲಿ ಹಾಗೇ ಇದ್ದಾರೆ. ಹೊಸಬರು ಮಾತ್ರ ಯಾರೂ ಸೇರಿಲ್ಲ. ತಸ್ಲೀಮಾಳ ಮಗಳು ಮೆಹರ್ ಈಗ ಮಾತು ಕಲಿಯುತ್ತಿದ್ದಾಳೆ. ಮಕ್ಕಳ ದನಿ ತೆಳು. ಅದು ರಾಚವ್ವನ ಬಲಗಿವಿಯಲ್ಲೂ ನಿಲ್ಲುವುದಿಲ್ಲ. ಮಗು ತನ್ನ ಮುಂದೆ ಬಾಯಿ ಆಡಿಸುವುದನ್ನು ಅವಳು ನೋಡುತ್ತಾಳೆ. ಮೊನ್ನೆ ನನ್ನನ್ನು ಕೇಳಿದಳು.

"ನನ್ನ ಹೆಸರ ಹೆಂಗ ಅಂತದ ಅದು?"

ನನಗೆ ಅಣಕು ಬಾರದು. ಆದರೂ ದನಿ ಸಣ್ಣ ಮಾಡಿ, ಆಮೇಲೆ ಅವಳಿಗೆ ಕೇಳುವುದಿಲ್ಲವೆಂದು ನೆನಪಾಗಿ ದಪ್ಪ ಮಾಡಿ ಹೇಳಿದೆ. "ಲಾಚವ್ವ."

"ಲಾಚವ್ವ," ಎಂದಳು ಅವಳು. ಅದು ನನ್ನ ದನಿ, ಪಡಿಯಚ್ಚು. ಮಗುವಿನದಲ್ಲ. ಅವಳಿಗೂ ಅದು ತಿಳಿಯಿತು. ಇನ್ನೊಮ್ಮೆ ಹೇಳು ಎಂದಳು. ನಾನು ಇನ್ನೊಮ್ಮೆ ಹೇಳಿದೆ.

ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾವುದೋ ಮಗು ನಿಮ್ಮ ಹೆಸರನ್ನು ತೊದಲುತ್ತಿರುತ್ತದೆ. ನಿಮಗೆ ಇನ್ನೂ ಕೇಳುತ್ತಿದೆ. ಹೋಗಿ, ಕೇಳಿಸಿಕೊಳ್ಳಿ.

ಸಿಟ್ಟಿನಲ್ಲಿಯೇ,
ನಿಮ್ಮ ವಂಶದ
ಇಂದುಮತಿ ಹಂಚಿನಾಳ